ಮುರಿಗೆಪ್ಪನ ಗಿರಣಿಯ ವೋಲ್ಟೇಜ್ ಕಾಳಗ

ಕಲ್ಲಿನ ಯುಗ ಸವೆದು, ಕಂಚಿನ ಯುಗ ಕರಗಿ, ಕಬ್ಬಿಣದ ಯುಗಕ್ಕೂ ತುಕ್ಕು ಹತ್ತಿದ ಮೇಲೆ, ತಂತಿಯಲ್ಲಿ ಹರಿದು ಬಲ್ಬಿನಲ್ಲಿ ನಕ್ಕು ಮೋಟಾರಿನಲ್ಲಿ ಗುಡುಗುವ ವಿದ್ಯುದ್ಯುಗವು ಭೂಮಂಡಲವನ್ನು ಏಕಚಕ್ರಾಧಿಪತ್ಯದಿಂದ ಆಳುತ್ತಿರಲು, ರಾಣೇಬೆನ್ನೂರಿನ ಒಂದು ಬೀದಿಯ ಕೊನೆಯಲ್ಲಿ, ತಗಡಿನ ಮಾಡಿನ ಕೆಳಗೆ, ಹಿಟ್ಟಿನ ಧೂಳೇ ಬೆಳ್ಗೊಡೆಯಾಗಿ ಬೆಲ್ಟಿನ ಪಟಪಟ ಸದ್ದೇ ವಂದಿಮಾಗಧರ ಹೊಗಳಿಕೆಯಾಗಿ, ಗೋಧೂಮಗರ್ವಭಂಜನನೂ ಜೋಳಕುಲಾಂತಕನೂ ಮೆಣಸಿನಕಾಯಿಮದಮರ್ದನನೂ ಆದ ಮುರಿಗೆಪ್ಪನೆಂಬ ವೀರನು ಗಿರಣಿ ನಡೆಸುತ್ತಿದ್ದನು. ಎಲೈ ವಾಗ್ದೇವಿಯೇ, ಅರಸರ ಕಾಳಗಗಳನ್ನು ಹಾಡಿ ಹಾಡಿ ದಣಿದಿದ್ದೀಯೆ. ಒಂದು ಗುಟುಕು ನೀರು ಕುಡಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಇತ್ತ ಬಾ. ಇಲ್ಲಿ ಮೆಣಸಿನಕಾಯಿ ಕುಟ್ಟುತ್ತಾರೆ. ಆದರೂ ಇಲ್ಲಿ ನಡೆದದ್ದನ್ನು ನೀನು ಹೇಳಿಸದೆ ನನ್ನಿಂದ ಹೇಳಲಾಗದು.

ಆ ಗಿರಣಿಯ ಗೋಡೆಗೆ ಬಡಿದ ಕಬ್ಬಿಣದ ಹಲಗೆಯ ಮೇಲೆ ಎರಡು ಮೀಟರುಗಳಿದ್ದವು. ಸೂರ್ಯಚಂದ್ರರಿಗೆ ಚೌಕಾಕಾರದ ಕಪ್ಪು ಚೌಕಟ್ಟು ಹಾಕಿ, ಬಿಳಿಯ ಮುಖ ಬರೆದು, ಒಂದೊಂದು ಸಣ್ಣ ಮುಳ್ಳು ಇಟ್ಟರೆ ಹೇಗಿರುತ್ತಿತ್ತೋ ಹಾಗೆ. ಮೊದಲನೆಯದು ವೋಲ್ಟ್‌ಮೀಟರು, ಬೀದಿಯ ತಂತಿಯಲ್ಲಿ ಕರೆಂಟು ಎಷ್ಟು ಜೋರಿನಿಂದ ಬರುತ್ತಿದೆ ಎಂದು ಅದು ಹೇಳುತ್ತಿತ್ತು. ಎರಡನೆಯದು ಆಂಪಿಯರ್ ಮೀಟರು. ಬಂದ ಕರೆಂಟಿನಲ್ಲಿ ಮೋಟಾರು ಎಷ್ಟು ಉಣ್ಣುತ್ತಿದೆ ಎಂದು ಅದು ಚಾಡಿ ಹೇಳುತ್ತಿತ್ತು. ಬೇರೆಯವರ ಕಣ್ಣಿಗೆ ಅವು ಬರೀ ಮೀಟರು. ಮುರಿಗೆಪ್ಪನಿಗಾದರೋ ಅವೇ ಮಂತ್ರಿಗಳು, ಅವೇ ಬೇಹುಗಾರರು. ಬಾಗಿಲಲ್ಲಿ ನಿಂತು ಗಿರಾಕಿಯ ಜೊತೆ ಮಳೆಬೆಳೆಯ ಮಾತಾಡುತ್ತಲೇ ಅವನು ಓರೆಗಣ್ಣಿನಲ್ಲಿ ಮುಳ್ಳಿನ ಓಲಾಟ ನೋಡಿ ಎಲ್ಲವನ್ನೂ ತಿಳಿಯುತ್ತಿದ್ದನು. ಜೋಳ ಹಸಿಯಿದ್ದರೆ ಆಂಪಿಯರ್ ಮುಳ್ಳು ಏದುಸಿರು ಬಿಡುವವನಂತೆ ಮೇಲೇರುತ್ತಿತ್ತು. ಆಗ ಕಾಳು ಬೀಳುವ ಬಾಯನ್ನು ಕಿರಿದು ಮಾಡುತ್ತಿದ್ದನು. ಬೆಲ್ಟು ಜಾರಿದರೆ ಮುಳ್ಳು ಸೋತು ಮಲಗುತ್ತಿತ್ತು. ಗೋಧಿಯಲ್ಲಿ ಮೊಳೆಯೊಂದು ಬಂದರಂತೂ ಚೇಳು ಕಡಿದವರಂತೆ ಜಿಗಿಯುತ್ತಿತ್ತು; ಬೀಸುವ ಕಲ್ಲು ಒಡೆಯುವ ಮೊದಲೇ ಮುರಿಗೆಪ್ಪನ ಕೈ ಸ್ಟಾರ್ಟರಿನ ಕೆಂಪು ಗುಂಡಿಯ ಮೇಲಿರುತ್ತಿತ್ತು.

ಇಂಥ ಮುರಿಗೆಪ್ಪನು ಒಂದು ಭೀಷ್ಮಪ್ರತಿಜ್ಞೆಯನ್ನು ಕೈಗೊಂಡಿದ್ದನು. ಹಿಂದೊಮ್ಮೆ ವೋಲ್ಟೇಜು ಬಿದ್ದಿದ್ದಾಗ ‘ಏನಾಗತೈತಿ ಬಿಡು’ ಎಂದು ಮೋಟಾರು ಓಡಿಸಿ, ಅದು ಹೊಗೆಯುಗುಳಿ ಸುಟ್ಟು, ಸುಗ್ಗಿಯ ನಡುವೆ ಗಿರಣಿಗೆ ಬೀಗ ಹಾಕಿ ಕೂತಿದ್ದನು. ಅಂದು ವೋಲ್ಟ್‌ಮೀಟರಿನ ಮುಂದೆ ನಿಂತು ಕೈಯೆತ್ತಿ ಆಣೆ ಮಾಡಿದ್ದನು: ‘ಈ ಮುಳ್ಳು ಮುನ್ನೂರ ಎಂಬತ್ತರ ಕೆಳಗಿರುವ ತನಕ ಈ ಕೈ ಸ್ಟಾರ್ಟರ್ ಮುಟ್ಟಂಗಿಲ್ಲ.’ ಆಣೆ ಮುರಿದಿರಲಿಲ್ಲ.

ಗಿರಣಿಯ ಪಕ್ಕದ ಗೋಡೆಯಾಚೆ ಇನ್ನೊಬ್ಬ ವೀರನಿದ್ದನು. ಅಗ್ನಿಸ್ಫುಲಿಂಗವರ್ಷಕನೂ ಭಿನ್ನಲೋಹಸಂಧಾನಧುರಂಧರನೂ ಸಮಸ್ತಗೇಟುಗವಾಕ್ಷಜನಕನೂ ಆದ ವೆಲ್ಡಿಂಗ್ ಅಂಗಡಿಯ ಮೌನೇಶ ಬಡಿಗೇರ. ಹೆಸರು ಮೌನೇಶ; ಅವನ ಮೌನವನ್ನು ಮಾತ್ರ ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಮುರಿಗೆಪ್ಪನೂ ಮೌನೇಶನೂ ಜೀವದ ಗೆಳೆಯರು. ಬೀದಿಯ ದೊಡ್ಡಾಟದಲ್ಲಿ ಒಬ್ಬ ಭೀಮ, ಒಬ್ಬ ಕೌರವ. ವರ್ಷಕ್ಕೊಮ್ಮೆ ಗದೆ ಹಿಡಿದು ಬೆಳಗಿನವರೆಗೆ ಬಡಿದಾಡಿ, ಬಣ್ಣ ತೊಳೆದುಕೊಂಡು ಒಂದೇ ತಟ್ಟೆಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುವವರು. ಇಬ್ಬರ ಅಂಗಡಿಗೂ ಒಂದೇ ಕಂಬದಿಂದ ಕರೆಂಟು. ಇಬ್ಬರ ನಡುವಿನ ಗೋಡೆಯಲ್ಲಿ ಒಂದು ಕಿಟಕಿ. ಅದರಲ್ಲಿ ಚಹಾದ ಲೋಟ ಅತ್ತಿಂದಿತ್ತ ಓಡಾಡುತ್ತಿತ್ತು.

ಅದು ಬೇಸಿಗೆಯ ಒಂದು ಮುಂಜಾನೆ. ಗಾಳಿ ಹಪ್ಪಳದಂತೆ ಒಣಗಿತ್ತು. ವರ್ಷದ ಕಾರದಪುಡಿ ಮಾಡಿಸಿಕೊಳ್ಳುವ ಕಾಲವಾದ್ದರಿಂದ ಗಿರಣಿಯ ಕಟ್ಟೆಯ ತುಂಬ ಹೆಂಗಸರು, ಹೆಂಗಸರ ಮುಂದೆ ಬುಟ್ಟಿಗಳು, ಬುಟ್ಟಿಗಳ ತುಂಬ ಹುರಿದ ಮೆಣಸಿನಕಾಯಿ. ಎಲ್ಲರಿಗಿಂತ ಮುಂದೆ ಕೂತವಳು ತಿಪ್ಪವ್ವಜ್ಜಿ. ಮರುದಿನ ಅವಳ ಮೊಮ್ಮಗಳ ಕುಬಸ. ಚೊಚ್ಚಲ ಬಸುರಿ, ಬೀಗರೆಲ್ಲ ಬರುವವರು, ಅಡಿಗೆಗೆ ಕಾರವಿಲ್ಲ.

‘ಮುರಿಗೆಪ್ಪಾ, ಮೊದಲ ನಂದು ಹಾಕಪ್ಪಾ’ ಎಂದಳು ಅಜ್ಜಿ.

‘ಹಾಕೇಬಿಡೋಣ ಯವ್ವಾ’ ಎಂದು ವೀರನು ಎದ್ದು, ತಲೆಗೆ ಟವೆಲು ಸುತ್ತಿ, ಸಿಂಹಾಸನವೇರುವ ಗತ್ತಿನಲ್ಲಿ ಸ್ಟಾರ್ಟರಿನತ್ತ ಕೈ ಚಾಚಿದನು. ಚಾಚಿದ ಕೈ ಹಾಗೆಯೇ ನಿಂತಿತು. ವೋಲ್ಟ್‌ಮೀಟರಿನ ಮುಳ್ಳು ನಾನೂರ ಹದಿನೈದರಲ್ಲಿ ತಲೆಯೆತ್ತಿ ನಿಲ್ಲಬೇಕಾದದ್ದು ಮುನ್ನೂರರ ಹತ್ತಿರ ಕುಸಿದು ಬಿದ್ದಿತ್ತು. ಚಕ್ರವ್ಯೂಹದಲ್ಲಿ ಏಕಾಂಗಿಯಾಗಿ ಒರಗಿದ ಬಾಲವೀರನಂತೆ ಕಂಡಿತು. ಸುಟ್ಟ ಮೋಟಾರಿನ ವಾಸನೆ ಮುರಿಗೆಪ್ಪನ ಮೂಗಿಗೆ ಬಂದಂತಾಯಿತು.

‘ಯಾಕಪ್ಪ, ಹಾಕವಲ್ಲಿ?’

‘ವೋಲ್ಟೇಜಿಲ್ಲ ಯವ್ವಾ. ಕೂಡ್ರು.’

ಹೆಂಗಸರು ಕೂತರು. ಬಿಸಿಲು ಏರಿತು. ಮುಳ್ಳು ಏರಲಿಲ್ಲ. ಒಬ್ಬಿಬ್ಬರು ಬುಟ್ಟಿ ಎತ್ತಿಕೊಂಡು ಊರಿನ ಆಚೆ ತುದಿಯ ಗಿರಣಿಗೆ ಹೊರಟರು. ತನ್ನ ಸೇನೆ ಕಣ್ಣೆದುರೇ ಕರಗುವುದನ್ನು ಕಂಡ ಮುರಿಗೆಪ್ಪನ ಮನಸ್ಸಿನಲ್ಲಿ ಒಂದು ಸಂಶಯ ಹೆಡೆಯೆತ್ತಿತು. ಈ ಬೀದಿಯಲ್ಲಿ ಹೀಗೆ ಕರೆಂಟು ಹೀರಬಲ್ಲ ರಾಕ್ಷಸ ಯಂತ್ರ ಇರುವುದು ಒಂದೇ ಕಡೆ. ಅವನು ಕಿಟಕಿಗೆ ಮುಖವಿಟ್ಟು ಕೂಗಿದನು.

‘ಲೇ ಮೌನೇಶಾ! ಎಷ್ಟು ಹೀರ್ತೀಲೇ? ಬೀದ್ಯಾಗಿನ ಕರೆಂಟೆಲ್ಲಾ ಒಬ್ಬನ ಕುಡೀಬೇಕಂತ ಮಾಡಿಯೇನು?’

ಆಚೆಯಿಂದ ಉತ್ತರ ಬಂದಿತು. ‘ನಾ ಕುಡ್ಯಾಕತ್ತಿದ್ದು ಚಾ ಅಣ್ಣಾ. ಇನ್ನೂ ವೆಲ್ಡಿಂಗ್ ಹೋಲ್ಡರ್ ಮುಟ್ಟಿಲ್ಲ.’

‘ಸುಳ್ಳ ಹೇಳಬ್ಯಾಡ, ಕರೆಂಟ್ ಕಳ್ಳಾ! ಮುಳ್ಳು ಮುನ್ನೂರಕ್ಕ ಬಿದ್ದೈತಿ. ಮುಳ್ಳು ಸುಳ್ಳು ಹೇಳತೈತೇನು?’

ಆಚೆಯಲ್ಲಿ ಲೋಟ ಕುಕ್ಕಿದ ಸದ್ದು, ಬೆಂಚು ಸರಿದ ಸದ್ದು, ಕಬ್ಬಿಣದ ಬಾಗಿಲು ಢಣಾರೆಂದ ಸದ್ದು. ಹಣೆಯ ಮೇಲೆ ಕರಿಗಾಜಿನ ಮುಖವಾಡವನ್ನು ಕಿರೀಟದಂತೆ ಏರಿಸಿಕೊಂಡು, ತೋಳಿಗೆ ತೊಗಲಿನ ಕವಚ ಧರಿಸಿ, ಎಡಗೈಯಲ್ಲಿ ಅರ್ಧ ಉಳಿದ ಬನ್ನು ಹಿಡಿದು, ಬೆಂಕಿಯ ಕಿಡಿಗಳಿಂದ ತೂತಾದ ಅಂಗಿಯು ನಕ್ಷತ್ರಖಚಿತ ಗಗನದಂತೆ ಹೊಳೆಯುತ್ತಿರಲು, ಮೌನೇಶನು ಗಿರಣಿಯ ಹೊಸ್ತಿಲಲ್ಲಿ ಬಂದು ನಿಂತನು. ಹೆಂಗಸರು ಬುಟ್ಟಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಈ ಇಬ್ಬರಿಗೂ ಒಂದು ರೋಗವಿತ್ತು. ಸಿಟ್ಟು ನೆತ್ತಿಗೇರಿದರೆ ನಾಲಗೆ ತಾನಾಗಿ ದೊಡ್ಡಾಟದ ಭಾಷೆಗೆ ಹೊರಳುತ್ತಿತ್ತು.

‘ಎಲವೋ ಪಿಷ್ಟಧೂಳಿಧೂಸರಿತಾಂಗನೇ!’ ಎಂದು ಮೌನೇಶ ಗರ್ಜಿಸಿದನು. ‘ಯಾರನ್ನು ಕಳ್ಳನೆಂದೆ? ಈ ತೋಳು ಬೆಸೆದ ಗೇಟುಗಳು ಮುರಿದರೆ ಊರು ಬಯಲಾದೀತು! ಈ ಕೈ ಕೂಡಿಸಿದ ಕಬ್ಬಿಣವನ್ನು ಯಮನೂ ಅಗಲಿಸಲಾರನು! ನಿನ್ನ ಕಾಳು ಸುರಿಯುವ ಆ ತಗಡಿನ ಬಾಯಿಗೆ ಕಾಲು ಕೊಟ್ಟವನಾರು? ನಾನು! ಬಿಚ್ಚಿ ಕೊಡು ನನ್ನ ಬೆಸುಗೆಯನ್ನು!’

‘ಎಲೈ ಕಿಡಿಗೇಡಿಯೇ!’ ಎಂದನು ಮುರಿಗೆಪ್ಪ, ಟವೆಲನ್ನು ಬಿಗಿಯುತ್ತ. ‘ಬೆಸುಗೆಯನ್ನು ಕೊಡುತ್ತೇನೆ, ಅದಕ್ಕೆ ಮೊದಲು ನನ್ನ ಗಿರಣಿಯ ಹಿಟ್ಟಿನಿಂದ ನೀನು ತಿಂದ ರೊಟ್ಟಿಗಳನ್ನು ಒಂದೊಂದಾಗಿ ಉಗುಳು! ಕೇಳು ಈ ಮುಳ್ಳಿನ ಮಹಿಮೆಯನ್ನು. ಕತ್ತಲಾಗಲಿ, ಧೂಳು ಮುಸುಕಲಿ, ಹತ್ತು ಮಾರು ದೂರದಿಂದ ಒಂದು ನೋಟ ಸಾಕು. ಏರುತ್ತಿದೆಯೋ ಇಳಿಯುತ್ತಿದೆಯೋ ನಡುಗುತ್ತಿದೆಯೋ ಎಂದು ತಾನೇ ಸಾರುವುದು! ಮನುಷ್ಯರು ಮಾತು ತಪ್ಪಿಯಾರು, ಮುಳ್ಳು ತಪ್ಪದು!’

‘ಮುಳ್ಳಂತ ಮುಳ್ಳು’ ಎಂದು ಮೌನೇಶ ಬನ್ನು ಜೇಬಿಗೆ ತುರುಕಿ, ಸೊಂಟದಿಂದ ಒಂದು ಹಳದಿ ಡಬ್ಬಿಯನ್ನು ಹಿರಿದನು. ಅದು ಅಂಕಿ ಮೂಡುವ ಹೊಸ ಕಾಲದ ಡಿಜಿಟಲ್ ಮೀಟರು. ಅದರ ಎರಡು ಕಡ್ಡಿಗಳನ್ನು ಹಲಗೆಯ ತಂತಿಗೆ ಮುಟ್ಟಿಸಿ ಹಿಡಿದನು. ‘ಬಾ, ಓದು. ನಾನೂರ ಹನ್ನೆರಡು.’

ಮುರಿಗೆಪ್ಪ ಇಣುಕಿದನು. ಡಬ್ಬಿಯಲ್ಲಿ ನಾನೂರ ಹನ್ನೆರಡು ಇತ್ತು, ನಾನೂರ ಹದಿಮೂರಾಯಿತು, ಮತ್ತೆ ನಾನೂರ ಹನ್ನೊಂದಾಯಿತು. ‘ನೋಡು’ ಎಂದನು ಅವನು ತಿರಸ್ಕಾರದಿಂದ. ‘ತನ್ನ ಮಾತಿನ ಮ್ಯಾಲ ತನಗ ನಂಬಿಕಿಲ್ಲ. ಗಳಿಗಿಗೊಂದು ಹೇಳತೈತಿ. ನಿನ್ನಂಥವನ ಕೈಯಾಗಿದ್ದು ಕೆಟ್ಟೈತಿ.’

ಆ ಮಾತು ಮೌನೇಶನ ಎದೆಗೆ ನಿಜವಾಗಿ ನಾಟಿತು. ದೊಡ್ಡಾಟದ ಬೈಗುಳಗಳು ಅವನಿಗೆ ಹಾರ ತುರಾಯಿ ಇದ್ದಂತೆ. ಇದು ಮಾತ್ರ ಗೆಳೆಯನ ಸ್ವಂತ ಮಾತಾಗಿತ್ತು. ಅವನು ತಿರುಗಿ ತನ್ನ ಅಂಗಡಿಗೆ ಹೋದನು. ಹೋದವನು ಅಲ್ಲಿನ ಮೇನ್ ಆರಿಸಿ, ಗೋಡೆಯ ಮೇಲಿನ ಬಿಳಿಯ ಪಿಂಗಾಣಿ ಫ್ಯೂಜುಗಳನ್ನು ಹಲ್ಲು ಕಿತ್ತಂತೆ ಕಿತ್ತು, ಬೊಗಸೆಯಲ್ಲಿ ಹಿಡಿದು ತಂದು ಮುರಿಗೆಪ್ಪನ ಮುಂದಿಟ್ಟನು. ಅವನ ದನಿ ಈಗ ಸಣ್ಣದಾಗಿತ್ತು.

‘ತಗೋ. ನನ್ನ ಅಂಗಡ್ಯಾಗ ಈಗ ಒಂದು ಬಲ್ಬೂ ಉರ್ಯಂಗಿಲ್ಲ. ಮುಳ್ಳು ಏರಿದ್ರ ನಾ ಕಳ್ಳ. ಏರದಿದ್ರ, ಅಣ್ಣಾ, ನಾ ಇನ್ನ ಈ ಮೆಟ್ಟಲ ಹತ್ತಂಗಿಲ್ಲ. ಆ ಕಿಟಕಿಗೂ ತಗಡು ಬಡೀತೀನಿ.’

ಕಟ್ಟೆಯ ಹೆಂಗಸರೂ, ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ ಮುರಿಗೆಪ್ಪನ ಹೆಂಡತಿ ಗುರುಸಿದ್ಧವ್ವನೂ, ಎಲ್ಲರೂ ಆ ಬಿಳಿಯ ಮುಖದ ಕಡೆ ನೋಡಿದರು. ಮುಳ್ಳು ಮುನ್ನೂರರಲ್ಲಿಯೇ ಇತ್ತು. ಕೂದಲೆಳೆಯಷ್ಟೂ ಕದಲಲಿಲ್ಲ.

ತಪ್ಪು ತನ್ನದೆಂದು ಮುರಿಗೆಪ್ಪನ ಹೊಟ್ಟೆಯೊಳಗಿನ ಒಂದು ಮುಳ್ಳು ಆಗಲೇ ತೋರಿಸುತ್ತಿತ್ತು. ‘ತಪ್ಪಾತಪ್ಪಾ’ ಎಂಬ ಮಾತು ಹಲ್ಲಿನವರೆಗೂ ಬಂದಿತು. ಆದರೆ ಭೀಮನ ಪಾತ್ರದವನಿಗೆ ತೊಡೆ ಬಡಿದುಕೊಳ್ಳುವುದು ಗೊತ್ತು. ತಲೆ ತಗ್ಗಿಸುವ ಕುಣಿತವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ‘ಹಂಗಾರ... ಹಂಗಾರ ಬೀದ್ಯಾಗ ಮತ್ಯಾರೋ ಹೀರಾಕತ್ತಾರ’ ಎಂದನು. ‘ಐಸ್ ಫ್ಯಾಕ್ಟರಿಯವರು ಇರಬೇಕು. ಇಲ್ಲಾ, ಕಂಬದ ಮ್ಯಾಲಿಂದ...’

‘ಬೀದ್ಯಾಗ ಯಾರೂ ಹೀರಾಕತ್ತಿಲ್ಲ’ ಎಂದನು ಮೌನೇಶ. ‘ಹುಚ್ಚು ಹಿಡಿದಿದ್ದು ನಿನ್ನ ಮುಳ್ಳಿಗೆ. ಅದನ್ನ ಕಿತ್ತು ತಿಪ್ಪಿಗೆ ಒಗಿ.’

ತಿಪ್ಪಿಗೆ! ಹದಿನಾಲ್ಕು ಲೋಕಗಳಲ್ಲಿ ಬೇರೆ ಯಾವ ಪದವೂ ಮುರಿಗೆಪ್ಪನನ್ನು ಅಷ್ಟು ಕೆರಳಿಸುತ್ತಿರಲಿಲ್ಲ. ‘ನನ್ನ ಮೀಟರ್ ಮುಟ್ಟಿ ನೋಡು!’ ಎಂದು ಕೂಗುತ್ತ ಅವನು ಹಿಂದಕ್ಕೆ ಜಿಗಿದು, ಕೋಟೆಯ ಬಾಗಿಲಿಗೆ ಅಡ್ಡನಿಂತ ಕಾವಲುಗಾರನಂತೆ ಎರಡೂ ತೋಳು ಚಾಚಿ ಹಲಗೆಯನ್ನು ತಬ್ಬಿಕೊಂಡನು. ಮೌನೇಶನಿಗೆ ಅದನ್ನು ಮುಟ್ಟುವ ಮನಸ್ಸೇ ಇರಲಿಲ್ಲ. ಆದರೂ ಮುಟ್ಟಬೇಡವೆಂದ ಮೇಲೆ ಒಂದು ಹೆಜ್ಜೆ ಮುಂದಿಟ್ಟನು. ಆ ಹೆಜ್ಜೆ ತಿಪ್ಪವ್ವಜ್ಜಿಯ ಬುಟ್ಟಿಯ ಅಂಚಿನ ಮೇಲೆ ಬಿದ್ದಿತು. ಬುಟ್ಟಿ ಮಗುಚಿತು. ಹುರಿದ ಮೆಣಸಿನಕಾಯಿಗಳು ನೆಲದ ತುಂಬ ಚೆಲ್ಲಿದವು, ವೀರರ ಕಾಲಡಿಯಲ್ಲಿ ಪುಡಿಯಾದವು, ಮತ್ತು ಆ ಪುಡಿಯು ಎದ್ದಿತು.

‘ಅಯ್ಯಯ್ಯೋ, ನನ್ನ ಮೆಣಸಿನಕಾಯಿ!’ ಎಂದು ಅಜ್ಜಿ ಒದರಿದಳು. ಅಷ್ಟೇ, ಆಮೇಲೆ ಅವಳಿಗೂ ಕೆಮ್ಮು.

ಪ್ರಳಯಕಾಲದ ಕೆಂಪು ಮೋಡ ಹೇಗೆ ಮೂರು ಲೋಕಗಳನ್ನು ಮುಸುಕುವುದೋ ಹಾಗೆ ಆ ಧೂಳು ಗಿರಣಿಯನ್ನು ಮುಸುಕಿತು. ಹೆಂಗಸರು ಕೆಮ್ಮುತ್ತ ಬೀದಿಗೆ ಓಡಿದರು. ಮೌನೇಶ ಮುಖವಾಡ ಇಳಿಸಿಕೊಂಡನು; ಅದರೊಳಗೇ ಕೆಮ್ಮಿದನು. ಹಲಗೆಯನ್ನು ತಬ್ಬಿ, ವೋಲ್ಟ್‌ಮೀಟರಿನ ಮುಖಕ್ಕೆ ಮುಖವಿಟ್ಟು ನಿಂತಿದ್ದ ಮುರಿಗೆಪ್ಪ ಮಾತ್ರ ಸ್ಥಾನ ಬಿಡಲಿಲ್ಲ. ಅವನ ಮೂಗಿನ ಹೊಳ್ಳೆಗಳು ಅರಳಿದವು. ಕಣ್ಣು ಕಿರಿದಾದವು. ಎದೆ ಉಬ್ಬಿತು, ಇನ್ನೂ ಉಬ್ಬಿತು. ಸಮುದ್ರವು ದಡದಿಂದ ಹಿಂದೆ ಸರಿದು ಸರಿದು ಒಂದು ಗಳಿಗೆ ನಿಲ್ಲುತ್ತದಲ್ಲ, ಹಾಗೆ ಇಡೀ ಗಿರಣಿ ನಿಂತಿತು. ಅನಂತರ ಬಂದಿತು ಆ ಸೀನು. ತಗಡಿನ ಮಾಡು ಅದುರುವಂಥ, ತೊಲೆಯ ಪಾರಿವಾಳಗಳು ಹಾರಿಹೋಗುವಂಥ, ಏಳು ತಲೆಮಾರಿನ ಜೋಳವನ್ನು ತೂರುವಂಥ ಮಹಾಸೀನು. ಅದರ ಸಮಸ್ತ ತುಂತುರೂ ವೋಲ್ಟ್‌ಮೀಟರಿನ ಪ್ಲಾಸ್ಟಿಕ್ ಮುಖದ ಮೇಲೆ ಎರಚಿತು.

ಮುಳ್ಳು ಒಮ್ಮೆ ನಡುಗಿತು. ನಿದ್ದೆಯಿಂದೆದ್ದವರಂತೆ ಮೈಮುರಿದು ಮೇಲೆದ್ದು ನಾನೂರ ಹನ್ನೆರಡರಲ್ಲಿ ಹೋಗಿ ನಿಂತಿತು.

‘ಏರಿತು!’ ಎಂದಳು ಗುರುಸಿದ್ಧವ್ವ.

‘ಏರಿತು’ ಎಂದು ಮುಖವಾಡದೊಳಗಿಂದ ದನಿ ಬಂದಿತು.

ಮುರಿಗೆಪ್ಪನಿಗೆ ಏನೂ ಕಾಣುತ್ತಿರಲಿಲ್ಲ; ಮೀಟರಿನ ಮುಖ ಒದ್ದೆಯಾಗಿತ್ತು. ನಾಚಿಕೆಯಿಂದ ಅವನು ಹಲಗೆಯ ಮೂಲೆಗೆ ಸಿಕ್ಕಿಸಿದ್ದ ಬಟ್ಟೆಯ ತುಂಡೊಂದನ್ನು ಎಳೆದು ಆ ಮುಖವನ್ನು ಗಸಗಸ ತಿಕ್ಕಿದನು. ತಿಕ್ಕಿ ತಿಕ್ಕಿ ಫಳಫಳ ಮಾಡಿ ಹಿಂದೆ ಸರಿದು ನೋಡಿದರೆ, ಮುಳ್ಳು ಮತ್ತೆ ಮುನ್ನೂರಕ್ಕೆ ಮಲಗುತ್ತಿತ್ತು. ಅವನು ನೋಡುತ್ತಿದ್ದಂತೆಯೇ, ಬಟ್ಟೆ ಹೋದ ದಿಕ್ಕಿಗೆ ವಾಲಿಕೊಂಡು ಮಲಗಿತು.

ಮೌನೇಶ ಮುಖವಾಡ ಮೇಲೆತ್ತಿದನು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ‘ಇನ್ನೊಮ್ಮೆ ಸೀನು’ ಎಂದನು.

‘ಬರವಲ್ತು.’

ಬೇಕೆಂದಾಗ ಸೀನು ಬರುವುದು ದೇವತೆಗಳಿಗೂ ಅಸಾಧ್ಯ. ಮುರಿಗೆಪ್ಪ ಮೂಗು ತಿರುವಿ, ಸೂರ್ಯನ ಕಡೆ ನೋಡಿ, ಒಂದೆರಡು ಸಲ ‘ಆ... ಆ...’ ಎಂದು ಸೋತನು. ಮೌನೇಶ ಹತ್ತಿರ ಬಂದು, ಮೀಟರಿನ ಮುಖಕ್ಕೆ ಬಾಯಿಟ್ಟು ‘ಹಾ’ ಎಂದು ಬಿಸಿಯುಸಿರು ಬಿಟ್ಟು, ಒದ್ದೆ ಮಾಡಿದ ಬೆರಳಿನಿಂದ ಅದನ್ನು ಸವರಿದನು. ಮುಳ್ಳು ನಾನೂರ ಹನ್ನೆರಡಕ್ಕೆ ಎದ್ದು ನಿಂತಿತು.

‘ಆ ಅರಿವಿ ಯಾವುದು, ತೋರ್ಸು’ ಎಂದನು.

‘ನನ್ನ ಹಳೇ ನೈಲಾನ್ ಸೀರಿ ತುಂಡು’ ಎಂದಳು ಗುರುಸಿದ್ಧವ್ವ. ‘ಮುಂಜಾನಿಂದ ಅದರಲೇ ಮೀಟರ್ ತಿಕ್ಕಾಕತ್ತಿದ್ರು. ಪಾತ್ರಿ ತಿಕ್ಕೂಮುಂದ ಇಷ್ಟು ಜೋರು ಕಾಣಂಗಿಲ್ಲ.’

ಮೌನೇಶ ತುಂಡನ್ನು ತೋಳಿಗೆ ತಿಕ್ಕಿ, ಮುರಿಗೆಪ್ಪನ ಕಿವಿಯ ಮೇಲಿನ ನರೆಗೂದಲ ಬಳಿ ಹಿಡಿದನು. ಕೂದಲುಗಳು ಎದ್ದು ಬಟ್ಟೆಯ ಕಡೆ ಬಾಗಿದವು. ಬಾಚಣಿಕೆಯನ್ನು ತಲೆಗೆ ತಿಕ್ಕಿ ಕಾಗದದ ಚೂರು ಎತ್ತುವ ಆಟ. ಶಾಲೆಯಲ್ಲಿ ಇಬ್ಬರೂ ಆಡಿದ್ದರು. ಒಣಹವೆ, ಪ್ಲಾಸ್ಟಿಕ್ಕು, ನೈಲಾನು. ತಿಕ್ಕಿದ್ದರಿಂದ ಹುಟ್ಟಿದ ಕರೆಂಟು ಮುಖದ ಮೇಲೆ ಕೂತು, ಒಳಗಿನ ಹಗುರ ಮುಳ್ಳನ್ನು ತನ್ನ ಕಡೆ ಎಳೆದಿತ್ತು; ಒದ್ದೆ ತಾಗಿದೊಡನೆ ಅದು ಇಳಿದುಹೋಗುತ್ತಿತ್ತು. ಬೀದಿಯಲ್ಲಿ ಯಾರೂ ಕದ್ದಿರಲಿಲ್ಲ. ಐಸ್ ಫ್ಯಾಕ್ಟರಿಯೂ ಕಂಬವೂ ನಿರಪರಾಧಿಗಳು.

ಇಬ್ಬರೂ ಕೆಂಪು ಕಣ್ಣುಗಳಿಂದ ಒಬ್ಬರನ್ನೊಬ್ಬರು ನೋಡಿದರು. ಯಾರು ಅತ್ತದ್ದು, ಯಾರು ಕಾರಕ್ಕೆ ಕಣ್ಣೀರಿಟ್ಟದ್ದು ಎಂದು ಹೇಳುವಂತಿರಲಿಲ್ಲ. ಮುರಿಗೆಪ್ಪ ಕೆಳಗೆ ಬಗ್ಗಿ ಪಿಂಗಾಣಿ ಫ್ಯೂಜುಗಳನ್ನು ಒಂದೊಂದಾಗಿ ಎತ್ತಿ, ಟವೆಲಿನಿಂದ ಒರೆಸಿ, ಗೆಳೆಯನ ಬೊಗಸೆಗೆ ಹಾಕಿದನು.

‘ಕಳ್ಳ ಅಂದೆ ನಿನಗ’ ಎಂದನು, ನೆಲ ನೋಡುತ್ತ.

‘ಅಂದಿ.’

‘ಅನಬಾರದಿತ್ತು.’

ಮೌನೇಶ ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಹುಶಃ ಅವನ ಹೆಸರು ಸಾರ್ಥಕವಾದದ್ದು ಆ ಗಳಿಗೆಯಲ್ಲಿ ಮಾತ್ರ. ಆಮೇಲೆ, ‘ಗದೆ ಹಿಡಿದು ಹೊಡಿ, ಬ್ಯಾಡ ಅನ್ನಂಗಿಲ್ಲ. ಆಟದ ಹೊರಗ ಹಂಗ ಅನಬ್ಯಾಡ’ ಎಂದನು.

‘ನಿಮ್ಮ ಆಟ ಮುಗಿದಿದ್ರ ನನ್ನ ಮೆಣಸಿನಕಾಯಿ ಆರಿಸಿ ಕೊಡ್ರಿ’ ಎಂದು ತಿಪ್ಪವ್ವಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡಳು. ‘ಧೂಳು ಬರಬಾರದು, ಹೇಳೇನಿ.’

ಗೋಧೂಮಗರ್ವಭಂಜನನೂ ಭಿನ್ನಲೋಹಸಂಧಾನಧುರಂಧರನೂ ಮೊಣಕಾಲೂರಿ ನೆಲದ ಮೆಣಸಿನಕಾಯಿಗಳನ್ನು ಆರಿಸಿದರು. ತುಳಿದು ಪುಡಿಯಾದದ್ದಕ್ಕೆ ಬದಲಾಗಿ ಗುರುಸಿದ್ಧವ್ವ ಮನೆಯ ಡಬ್ಬಿಯಿಂದ ಎರಡು ಹಿಡಿ ತಂದು ಬುಟ್ಟಿಗೆ ಹಾಕಿದಳು. ಮುರಿಗೆಪ್ಪ ಸ್ಟಾರ್ಟರ್ ಒತ್ತಿದನು. ವೋಲ್ಟ್‌ಮೀಟರು ಒಂದು ಕ್ಷಣ ತಲೆ ಬಾಗಿಸಿ ಮತ್ತೆ ಎದ್ದಿತು. ಆಂಪಿಯರ್ ಮುಳ್ಳು ಒಮ್ಮೆ ಹಾರಿ ಇಳಿದು ತನ್ನ ಕೆಲಸದ ಜಾಗದಲ್ಲಿ ನಿಂತಿತು. ಕಾರದಪುಡಿ ಕೆಂಪಗೆ ನುಣ್ಣಗೆ ಬೀಳತೊಡಗಿತು.

ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆ ಚಟಚಟ ಸದ್ದಾಯಿತು. ಕಿಟಕಿಯಲ್ಲಿ ನೀಲಿ ಬೆಳಕು ಮಿಂಚಿತು. ಮುರಿಗೆಪ್ಪ ಅಭ್ಯಾಸಬಲದಿಂದ ವೋಲ್ಟ್‌ಮೀಟರಿನ ಕಡೆ ನೋಡಿದನು. ಮೌನೇಶನ ವೆಲ್ಡಿಂಗ್ ಯಂತ್ರ ನಿಜವಾಗಿಯೂ ಕರೆಂಟು ಹೀರುತ್ತಿತ್ತು, ಮುಳ್ಳು ನಿಜವಾಗಿಯೂ ಇಳಿದಿತ್ತು.

‘ಮೌನೇಶಾ!’ ಎಂದು ಕೂಗಿದನು.

‘ಏನಣ್ಣಾ?’

‘ಈಗ ಇಳೀತು ನೋಡು.’

‘ಎಷ್ಟು?’

ಮುರಿಗೆಪ್ಪ ಕಣ್ಣು ಕಿರಿದು ಮಾಡಿ, ಮೀಟರಿನ ಹತ್ತಿರ ಹೋಗಿ ನೋಡಿದನು. ‘ಒಂದು ಎಳ್ಳಿನಷ್ಟು’ ಎಂದನು.